ಬಾರದ ಕವಿಯ ಪದ್ಯ

ಚೀನಾದ ದಕ್ಷಿಣದಲ್ಲಿ, ಅಗಲವಾದ ನದಿಯೊಂದರ ದಡದಲ್ಲಿ ಷೆನ್ ಎಂಬ ಗುರುಗಳಿದ್ದರು.

ದೋಣಿಕಟ್ಟೆಯ ಪಕ್ಕದ ಹೆಂಚಿನ ಮನೆಯೇ ಅವರ ಆಶ್ರಮ. ಅಲ್ಲಿ ಧ್ಯಾನ ಕಲಿಸುತ್ತಿರಲಿಲ್ಲ, ಶಾಸ್ತ್ರ ಕಲಿಸುತ್ತಿರಲಿಲ್ಲ. ಊರಿನ ಮಕ್ಕಳಿಗೆ ಹಳೆಯ ಕಾಲದ ಪದ್ಯಗಳನ್ನು ಗಟ್ಟಿಯಾಗಿ ಓದಲು ಕಲಿಸುತ್ತಿದ್ದರು.

ಸಾವಿರ ವರ್ಷದ ಹಿಂದಿನ ಪದ್ಯಗಳು. ಮಕ್ಕಳಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ.

“ಸದ್ಯಕ್ಕೆ ಬಾಯಲ್ಲಿ ಇರಲಿ. ಒಳಗೆ ಇಳಿಯುವ ದಿನ ತಾನಾಗಿ ಇಳಿಯುತ್ತದೆ” ಎನ್ನುತ್ತಿದ್ದರು ಗುರುಗಳು.

ಅವರ ಬಳಿಗೆ ರೂಯಿನ್ ಎಂಬ ಹೆಂಗಸು ಶಿಷ್ಯೆಯಾಗಿ ಬಂದಳು. ಹಿಂದೆ ಅವಳು ಪಟ್ಟಣದ ರೇಡಿಯೋದಲ್ಲಿ ಧ್ವನಿಮುದ್ರಣದ ಕೆಲಸ ಮಾಡುತ್ತಿದ್ದಳು. ಮದುವೆ ಮುರಿದಿತ್ತು. ಚುನ್ಯಾ ಎಂಬ ಮಗಳು ಉತ್ತರದ ದೊಡ್ಡ ಊರಿನಲ್ಲಿ ತಂದೆಯ ಜೊತೆ, ಅಜ್ಜಿಯ ಜೊತೆ ಉಳಿದಿದ್ದಳು.

ಮಗಳಿರುವ ವಿಷಯವನ್ನು ರೂಯಿನ್ ಆ ನದಿದಡದಲ್ಲಿ ಯಾರಿಗೂ ಹೇಳಿರಲಿಲ್ಲ. ಗುರುಗಳೂ ಕೇಳಿರಲಿಲ್ಲ.

ಒಂದು ದಿನ ಗುರುಗಳು ಹೇಳಿದರು: “ಜಿಲ್ಲಾ ಕೇಂದ್ರದಲ್ಲಿ ಕಣ್ಣು ಕಾಣದ ಮಕ್ಕಳ ಶಾಲೆ ಇದೆ. ನಮ್ಮ ಮಕ್ಕಳು ಓದುವ ಪದ್ಯಗಳನ್ನು ಆ ಮಕ್ಕಳು ಕೇಳಬೇಕಂತೆ. ಯಾರಾದರೂ ರೆಕಾರ್ಡ್ ಮಾಡಿಕೊಡಬೇಕು. ಸಂಬಳ ಇಲ್ಲ.”

“ನಾನು ಮಾಡುತ್ತೇನೆ” ಎಂದಳು ರೂಯಿನ್.

“ಚೆನ್ನಾಗಿ ಮಾಡುತ್ತೀಯಾ?”

“ನನಗೆ ಚೆನ್ನಾಗಿ ಬರುವುದು ಅದೊಂದೇ.”

“ಅಯ್ಯೋ” ಎಂದರು ಗುರುಗಳು.

ಅದೇಕೆ ಹಾಗೆಂದರೋ ಅವಳಿಗೆ ತಿಳಿಯಲಿಲ್ಲ.

ಅವಳು ಪೆಟ್ಟಿಗೆಯಿಂದ ತನ್ನ ರೆಕಾರ್ಡರ್ ಹೊರತೆಗೆದಳು. ಸದ್ದು ಮಾರ್ದನಿಸದಿರಲೆಂದು ಜಗಲಿಯ ಮೂಲೆಗೆ ದಪ್ಪ ರಜಾಯಿ ಕಟ್ಟಿದಳು. ನದಿಯ ಗಾಳಿ ಬಡಿಯದಿರಲೆಂದು ಮೈಕಿಗೆ ಉಣ್ಣೆಯ ಕಾಲುಚೀಲ ತೊಡಿಸಿದಳು. ಅದನ್ನು ನೋಡಿ ಮಕ್ಕಳು ಬಿದ್ದು ಬಿದ್ದು ನಕ್ಕರು.

ಆಮೇಲೆ ಓದಿದರು. ಒಬ್ಬನಿಗೆ ನೆಗಡಿಯಾಗಿತ್ತು. ಒಬ್ಬಳು ಸಾಲು ಮುಗಿದಾಗಲೆಲ್ಲ ಬಾವಿಯಿಂದ ನೀರು ಸೇದುವವಳಂತೆ ಉಸಿರೆಳೆಯುತ್ತಿದ್ದಳು. ಮಧ್ಯೆ ದಡದ ಬಾತುಕೋಳಿಗಳು ಕೂಗಿದವು.

“ಬಾತುಕೋಳಿಯ ಸದ್ದು ತೆಗೆಯಬೇಕು” ಎಂದಳು ರೂಯಿನ್.

“ಯಾಕೆ? ಕಣ್ಣು ಕಾಣದ ಮಕ್ಕಳಿಗೆ ಬಾತುಕೋಳಿ ಬೇಡವೇ?” ಎಂದರು ಗುರುಗಳು.

ಅವಳು ಬಾತುಕೋಳಿಗಳನ್ನು ತೆಗೆದುಬಿಟ್ಟಳು.

ಮಕ್ಕಳಲ್ಲಿ ಲಾನ್ ಎಂಬ ಹುಡುಗಿ ಇದ್ದಳು. ಮೀನುಗಾರರ ಮನೆಯವಳು, ಎಂಟು ವರ್ಷದವಳು. ಮುಂದಿನ ಹಲ್ಲು ಬಿದ್ದಿತ್ತು.

ಲಾನ್ ಓದತೊಡಗಿದಾಗ ಹೆಡ್‌ಫೋನ್ ಹಾಕಿ ಕೂತಿದ್ದ ರೂಯಿನ್‌ಳ ಕೈ ನಿಂತುಹೋಯಿತು.

ಚುನ್ಯಾಳ ದನಿಯೂ ಹೀಗೇ ಇತ್ತು. ಸ್ವಲ್ಪ ಒರಟು, ಆಗತಾನೆ ನಿದ್ದೆಯಿಂದ ಎದ್ದ ಹಾಗೆ. ಈಗ ಹೇಗಿದೆಯೋ ಸರಿಯಾಗಿ ಗೊತ್ತಿಲ್ಲ. ಫೋನಿನಲ್ಲಿ ಮಗಳು ಹೇಳುತ್ತಿದ್ದದ್ದು “ಹೂಂ”, “ಊಟ ಆಯ್ತು”, “ಅಜ್ಜಿಗೆ ಕೊಡ್ತೀನಿ”, ಇಷ್ಟೇ. ಇಷ್ಟರಲ್ಲಿ ಒಂದು ದನಿ ಕೈಗೆ ಸಿಗುವುದಿಲ್ಲ.

ಅಂದಿನಿಂದ ಎಲ್ಲ ಪದ್ಯಗಳೂ ಲಾನ್‌ಳ ಪಾಲಿಗೆ ಬಂದವು.

“ನಮ್ಮ ಸರದಿ ಯಾವಾಗ?” ಎಂದು ಉಳಿದ ಮಕ್ಕಳು ಗುರುಗಳನ್ನು ಕೇಳಿದರು. ಗುರುಗಳು ತಾವರೆಬೀಜ ಸುಲಿಯುತ್ತ ಕೂತಿದ್ದರು. ಒಬ್ಬೊಬ್ಬರ ಕೈಗೂ ನಾಲ್ಕು ಬೀಜ ಹಾಕಿ ಕಳಿಸಿದರು.

ಚಳಿಗಾಲ ಹತ್ತಿರವಾದಾಗ ಗುರುಗಳು ಒಂದು ಚಿಕ್ಕ ಪದ್ಯ ಕಲಿಸಿದರು. ಬರೆದವನ ಹೆಸರು ಉಳಿದಿರಲಿಲ್ಲ. ದೂರದ ಗಡಿಯ ಕೋಟೆಗೆ ಕೆಲಸಕ್ಕೆ ಹೋದ ಯಾರೋ ಒಬ್ಬ ಅಧಿಕಾರಿ, ಮನೆಯಲ್ಲಿ ಬಿಟ್ಟುಬಂದ ಮಗಳಿಗೆ ಬರೆದದ್ದು.

“ಕಿತ್ತಳೆ ಹಣ್ಣಾಗುವ ಕಾಲಕ್ಕೆ ಬರುವೆನೆಂದೆ.
ಕಿತ್ತಳೆ ಹಣ್ಣಾಯಿತು, ಮತ್ತೆ ಹಣ್ಣಾಯಿತು.
ಬಾಗಿಲಲ್ಲಿ ನಿಲ್ಲುತ್ತಿದ್ದ ಮಗಳೇ,
ಈಗ ಚಿಲಕ ನಿನ್ನ ಕೈಗೆ ಸಿಗುವುದೇ?”

ಲಾನ್ ಅದನ್ನು ಕುಣಿಯುವ ಹಾಗೆ ಓದಿದಳು.

“ಹಾಗಲ್ಲ ಲಾನ್. ಇದು ದುಃಖದ ಪದ್ಯ.”

“ಕಿತ್ತಳೆ ಹಣ್ಣಾಯ್ತಲ್ಲ ಅಕ್ಕಾ?”

“ಹಣ್ಣಾಯಿತು. ಆದರೆ ಅವನು ಬರಲಿಲ್ಲ. ಇನ್ನೊಮ್ಮೆ ಓದು.”

ಲಾನ್ ಮತ್ತೆ ಓದಿದಳು. ಮತ್ತೆ ಅದೇ ಕುಣಿತ.

ರೂಯಿನ್ ಅವಳ ಎದುರು ಮಂಡಿಯೂರಿ ಕೂತಳು. “ನಿನ್ನ ಅಮ್ಮ ದೂರ ಹೋಗಿದ್ದಾಳೆ ಅಂದುಕೋ.”

“ಅಮ್ಮ ಅಲ್ಲೇ ಇದ್ದಾಳಲ್ಲ, ಮೀನು ಒಣಗಿಸ್ತಾ ಇದ್ದಾಳೆ.”

“ಇಲ್ಲ ಅಂದುಕೋ. ಕಣ್ಣು ಮುಚ್ಚು. ಮನೆಗೆ ಹೋಗ್ತೀಯ, ಅಮ್ಮ ಇಲ್ಲ. ಅಡುಗೆಮನೆಯಲ್ಲಿ ಇಲ್ಲ. ದಡದಲ್ಲಿ ಇಲ್ಲ. ಕರೆದರೂ ಬರೋದಿಲ್ಲ. ಬರ್ತೀನಿ ಅಂದಿದ್ದಳು, ಬರಲಿಲ್ಲ. ಈಗ ಓದು.”

ಲಾನ್ ಕಣ್ಣು ಮುಚ್ಚಿ ಓದಿದಳು. ಎರಡನೆಯ ಸಾಲಿಗೆ ದನಿ ನಡುಗಿತು. ನಾಲ್ಕನೆಯ ಸಾಲು ಅಳುವಿನೊಳಗೆ ಮುಳುಗಿಹೋಯಿತು. ಎದ್ದವಳೇ ಅಮ್ಮಾ ಎಂದು ಕೂಗುತ್ತ ದಡದ ಕಡೆ ಓಡಿದಳು.

ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು.

ಸ್ವಲ್ಪ ಹೊತ್ತಿಗೆ ಲಾನ್‌ಳ ತಾಯಿ ಬಂದಳು. ಕೈಗೆಲ್ಲ ಮೀನಿನ ಹುರುಪೆ ಅಂಟಿತ್ತು.

“ಏನು ಮಾಡಿದ್ರಿ ನನ್ನ ಮಗಳಿಗೆ?”

“ಪದ್ಯ ಓದಿಸಿದೆ” ಎಂದಳು ರೂಯಿನ್.

“ಅಮ್ಮಾ ನೀನು ಸಾಯಬೇಡ ಅಂತ ನನ್ನ ಅಂಗಿ ಹಿಡ್ಕೊಂಡು ಅಳ್ತಾ ಇದ್ದಾಳೆ. ನಿಮ್ಮ ಪದ್ಯದಲ್ಲಿ ನಾನು ಯಾಕೆ ಸಾಯಬೇಕು?”

“ಸಾಯುವುದಲ್ಲ. ದೂರ ಹೋಗುವುದು ಅಂತ ಹೇಳಿದ್ದು.”

“ಅಷ್ಟು ಸಣ್ಣ ಮಗುವಿಗೆ ಎರಡೂ ಒಂದೇ.”

ರೂಯಿನ್‌ಳ ಮುಖ ಬಿಳಿಚಿಕೊಂಡಿತು.

“ನಾಳೆಯಿಂದ ಅವಳು ಬರೋದಿಲ್ಲ” ಎಂದು ಹೇಳಿ ತಾಯಿ ಹೊರಟುಹೋದಳು.

ರೂಯಿನ್ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಓದನ್ನು ಕೇಳಿದಳು. ಮತ್ತೆ ಕೇಳಿದಳು. ಇಷ್ಟು ವರ್ಷ ರೇಡಿಯೋದಲ್ಲಿ ಕೂತಿದ್ದರೂ ಅಂಥ ದನಿ ಅವಳಿಗೆ ಸಿಕ್ಕಿರಲಿಲ್ಲ. ನಡುಗುವ ಆ ಸಾಲಿನಲ್ಲಿ ಚುನ್ಯಾ ತನ್ನನ್ನು ಕರೆಯುತ್ತಿದ್ದಾಳೆ ಎನ್ನಿಸುತ್ತಿತ್ತು. ಮುಗಿದ ಕೂಡಲೇ ಮತ್ತೆ ಹಾಕುತ್ತಿದ್ದಳು.

ಬೆಳಿಗ್ಗೆ ಅದನ್ನು ಗುರುಗಳ ಬಳಿಗೆ ಒಯ್ದಳು. ಗುರುಗಳಿಗೆ ಒಂದು ಕಿವಿ ಮಂದ. ಹೆಡ್‌ಫೋನನ್ನು ಇನ್ನೊಂದು ಕಿವಿಗೆ ಒತ್ತಿ ಹಿಡಿದು, ಕೊನೆಯವರೆಗೂ ಕೇಳಿದರು.

“ಹೇಗಿದೆ ಗುರುಗಳೇ?”

“ತುಂಬಾ ಚೆನ್ನಾಗಿದೆ.”

ಅವಳಿಗೆ ಹಗುರಾಯಿತು. “ಇದನ್ನೇ ಶಾಲೆಗೆ ಕಳಿಸೋಣವೇ?”

“ನೀನು ಬಹಳ ಸಲ ಕೇಳಿದೆ, ಅಲ್ಲವೇ?”

“ಹೌದು.”

“ಹೊಟ್ಟೆ ತುಂಬಿತೇ?”

ಅವಳು ತಲೆ ತಗ್ಗಿಸಿದಳು. “ಇಲ್ಲ.”

“ಯಂತ್ರ ಎತ್ತಿಕೋ. ಚಪ್ಪಲಿ ಹಾಕಿಕೋ.”

“ಎಲ್ಲಿಗೆ?”

“ಈ ಅಳು ಯಾರ ಮನೆಯದೋ, ಅಲ್ಲಿಗೆ.”

ಲಾನ್‌ಳ ತಾಯಿ ಅಂಗಳದಲ್ಲಿ ಬಲೆ ಬಿಡಿಸುತ್ತ ಕೂತಿದ್ದಳು. ಗುರುಗಳನ್ನು ನೋಡಿ ಎದ್ದು ನಿಂತಳು. ಅವರ ಹಿಂದೆ ಇದ್ದವಳನ್ನು ನೋಡಿ ಮುಖ ತಿರುಗಿಸಿದಳು.

“ನಿಮ್ಮ ಮನೆಯ ಅಳು ನಮ್ಮಲ್ಲಿ ಉಳಿದುಬಿಟ್ಟಿತ್ತು. ಕೊಟ್ಟು ಹೋಗೋಣ ಅಂತ ಬಂದೆವು” ಎಂದರು ಗುರುಗಳು.

“ಏನಂತೀರಿ ಮೇಷ್ಟ್ರೇ? ನನಗೆ ಅರ್ಥ ಆಗಲಿಲ್ಲ.”

ಗುರುಗಳು ರೂಯಿನ್ ಕಡೆ ನೋಡಿದರು. “ಹಾಕು. ಅವರೂ ಕೇಳಲಿ.”

ರೂಯಿನ್ ರೆಕಾರ್ಡರನ್ನು ಬಲೆಯ ಪಕ್ಕ ಇಟ್ಟಳು. ಬೆರಳು ಗುಂಡಿಯ ಮೇಲೆ ಹೋಯಿತು. ಒತ್ತಲು ಆಗಲಿಲ್ಲ. ಬಾಗಿಲ ಸಂದಿಯಿಂದ ಲಾನ್ ಇಣುಕುತ್ತಿದ್ದಳು. ಕಣ್ಣು ಇನ್ನೂ ಊದಿಕೊಂಡಿತ್ತು.

“ನನ್ನ ಕೈಲಿ ಆಗೋದಿಲ್ಲ” ಎಂದಳು ರೂಯಿನ್.

ಆಮೇಲೆ ಇನ್ನೊಂದು ಗುಂಡಿ ಒತ್ತಿದಳು. ಲಾನ್‌ಳ ಅಳು ಅಳಿಸಿಹೋಯಿತು. ಕೆಂಪು ದೀಪ ಒಮ್ಮೆ ಮಿನುಗಿ ಆರಿತು.

“ನನಗೂ ಒಬ್ಬಳು ಮಗಳಿದ್ದಾಳೆ” ಎಂದಳು ರೂಯಿನ್. “ಇವಳಿಗಿಂತ ಸ್ವಲ್ಪ ಚಿಕ್ಕವಳು. ಇವಳ ದನಿಯ ಹಾಗೇ ಅವಳ ದನಿ. ಅವಳು ನನ್ನ ಹತ್ತಿರ ಇಲ್ಲ.”

ಲಾನ್‌ಳ ತಾಯಿ ಕೈಯಲ್ಲಿದ್ದ ಬಲೆಯ ಗಂಟನ್ನು ಬಿಡಿಸಿ ಮುಗಿಸಿದಳು. ಆಮೇಲೆ ಒಳಗೆ ಹೋದಳು. ಬರುವಾಗ ಕೈಯಲ್ಲಿ ಒಂದು ಹತ್ತಿಯ ಅಂಗಿ ಇತ್ತು. ನೀಲಿಯದು, ಎದೆಯ ಮೇಲೆ ಮೊಲದ ಚಿತ್ರ ಹೊಲಿದದ್ದು.

“ಲಾನ್‌ಗೆ ಬಿಗಿಯಾಗಿಬಿಡ್ತು. ಹೊಸದರ ಹಾಗೇ ಇದೆ. ನಿಮ್ಮವಳಿಗೆ ಆಗುತ್ತೇನೋ ನೋಡಿ. ಎಷ್ಟು ಎತ್ತರ ಇದ್ದಾಳೆ?”

ರೂಯಿನ್ ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದಳು. ಆಮೇಲೆ ಕೈಯನ್ನು ಸ್ವಲ್ಪ ಮೇಲೆ ತಂದಳು. ಇನ್ನೂ ಸ್ವಲ್ಪ ಮೇಲೆ ತಂದಳು.

ಕೈ ಗಾಳಿಯಲ್ಲೇ ನಿಂತಿತು.

ಗುರುಗಳು ನದಿಯ ಕಡೆ ನೋಡುತ್ತಿದ್ದರು.

ಲಾನ್‌ಳ ತಾಯಿಗೆ ಅರ್ಥವಾಯಿತು. ಅಂಗಿಯನ್ನು ಮಡಿಸಿ ರೂಯಿನ್‌ಳ ಆ ಕೈಯಲ್ಲೇ ಇಟ್ಟಳು. “ಇರಲಿ, ತಗೊಳ್ಳಿ. ಲಾನ್‌ನ ಕಳಿಸ್ತೀನಿ. ಆದ್ರೆ ನಾನೂ ಬಂದು ಕೂರ್ತೀನಿ.”

ಹಾಗೆಯೇ ಬಂದು ಕೂತಳು. ಜಗಲಿಯ ಕಂಬಕ್ಕೆ ಒರಗಿ, ಮಡಿಲಲ್ಲಿ ಬಲೆ ಹಾಕಿಕೊಂಡು.

“ಈ ಸಲ ಹೇಗೆ ಓದಲಿ ಅಕ್ಕಾ?” ಎಂದು ಲಾನ್ ಕೇಳಿದಳು.

ರೂಯಿನ್ ಗುರುಗಳ ಕಡೆ ನೋಡಿದಳು. ಗುರುಗಳು ತಾವರೆಬೀಜ ಸುಲಿಯುತ್ತಿದ್ದರು.

“ನಿನಗೆ ಹೇಗೆ ಬರುತ್ತೋ ಹಾಗೆ” ಎಂದಳು ರೂಯಿನ್.

ಲಾನ್ ಅಮ್ಮನನ್ನೇ ನೋಡುತ್ತ ಓದಿದಳು. ಮೊದಲಿನ ಹಾಗೇ ಕುಣಿಯುತ್ತ. ನಾಲ್ಕನೆಯ ಸಾಲಿಗೆ ಬಂದಳು: “ಈಗ ಚಿಲಕ ನಿನ್ನ ಕೈಗೆ ಸಿಗುವುದೇ?”

ಒಂದು ಕ್ಷಣ ಯೋಚಿಸಿದಳು. ತುದಿಗಾಲಿನ ಮೇಲೆ ನಿಂತು ಕೈ ಎತ್ತಿದಳು.

“ಸಿಗುತ್ತೆ!” ಎಂದು ಕೂಗಿದಳು.

ಮಕ್ಕಳೆಲ್ಲ ನಕ್ಕರು. ಅವಳ ತಾಯಿ ಎಲ್ಲರಿಗಿಂತ ಜೋರಾಗಿ ನಕ್ಕಳು. ನಗುವಿಗೆ ಬೆದರಿ ಬಾತುಕೋಳಿಗಳು ಒಟ್ಟಿಗೇ ಕಿರುಚಿಕೊಂಡವು.

“ಸಿಗುತ್ತೆ ಅನ್ನುವುದು ಪದ್ಯದಲ್ಲಿ ಇಲ್ಲ, ಗುರುಗಳೇ” ಎಂದಳು ರೂಯಿನ್.

“ಇಲ್ಲ. ಅವನು ಕೇಳಿ ಸಾವಿರ ವರ್ಷವಾಯಿತು. ಯಾರೂ ಉತ್ತರ ಕೊಟ್ಟಿರಲಿಲ್ಲ.”

ಕಣ್ಣು ಕಾಣದ ಮಕ್ಕಳ ಶಾಲೆಗೆ ಆ ಓದೇ ಹೋಯಿತು, ನಗು, ಬಾತುಕೋಳಿ ಎಲ್ಲ ಸೇರಿ. ಅಂದಿನಿಂದ ಉಳಿದ ಮಕ್ಕಳಿಗೂ ಸರದಿ ಬಂತು.

ಭಾನುವಾರ ರೂಯಿನ್ ಮಗಳಿಗೆ ಫೋನ್ ಮಾಡಿದಳು.

“ಊಟ ಆಯ್ತಾ ಚುನ್ಯಾ?”

“ಆಯ್ತು.”

“ಒಂದು ಪದ್ಯ ಹೇಳಲಾ?”

“ಹೂಂ.”

ರೂಯಿನ್ ನಾಲ್ಕು ಸಾಲು ಹೇಳಿದಳು. ಬೇರೆಯವರ ದನಿಯನ್ನು ತಿದ್ದಿ ತಿದ್ದಿ ಅಭ್ಯಾಸವಿದ್ದವಳಿಗೆ ತನ್ನ ದನಿ ಬಹಳ ಬರಿದಾಗಿ ಕೇಳಿಸಿತು.

ಈಗ ಫೋನನ್ನು ಅಜ್ಜಿಗೆ ಕೊಡುತ್ತಾಳೆ ಎಂದುಕೊಂಡಳು. ಕೊಡಲಿಲ್ಲ.

“ಬಂದನಾ?” ಎಂದು ಕೇಳಿದಳು ಚುನ್ಯಾ.

“ಯಾರು?”

“ಪದ್ಯದವನು.”

“ಗೊತ್ತಿಲ್ಲ ಕಂದ.”

“ಕಿತ್ತಳೆ ಪ್ರತಿ ವರ್ಷ ಹಣ್ಣಾಗುತ್ತೆ ಅಲ್ವಾ?”

“ಹೌದು.”

“ಮತ್ತೆ ಯಾಕೆ ಬರಲಿಲ್ಲ? ಅವನಿಗೆ ದಾರಿ ಗೊತ್ತಿರಲಿಲ್ವಾ?”

“ಗೊತ್ತಿತ್ತು” ಎಂದಳು ರೂಯಿನ್.

“ಅಜ್ಜಿಗೆ ಕೊಡ್ತೀನಿ.”

ಫೋನ್ ಇಟ್ಟವಳೇ ಅವಳು ಗುರುಗಳ ಬಳಿಗೆ ನಡೆದಳು. ಅವರು ದಡದಲ್ಲಿ ಕಾಲು ತೊಳೆಯುತ್ತಿದ್ದರು.

“ಆ ಕವಿ ಮನೆಗೆ ಬಂದನೇ, ಗುರುಗಳೇ?”

“ಪುಸ್ತಕದಲ್ಲಿ ಇಲ್ಲ.”

“ನಿಮಗೆ ಏನನ್ನಿಸುತ್ತದೆ?”

“ಬಂದಿದ್ದರೆ ಬಹುಶಃ ಈ ಪದ್ಯ ನಮ್ಮವರೆಗೆ ಬರುತ್ತಿರಲಿಲ್ಲ. ಹಗ್ಗಕ್ಕೆ ಬಟ್ಟೆ ಹಾಕುವುದೋ, ಮಗಳ ಜೊತೆ ಜಗಳವಾಡುವುದೋ, ಅದರಲ್ಲೇ ಇರುತ್ತಿದ್ದ.”

“ಹಾಗಾದರೆ ಅವನು ಬಾರದೆ ಇದ್ದದ್ದೇ ಒಳ್ಳೆಯದಾಯಿತೇ?”

“ನಮಗೆ ಒಳ್ಳೆಯದಾಯಿತು” ಎಂದರು ಗುರುಗಳು. “ಮಗಳಿಗೆ ಏನಾಯಿತೋ ಮಗಳನ್ನೇ ಕೇಳಬೇಕು.”

ರೂಯಿನ್ ಮರುದಿನವೇ ಹೊರಟಳು. ಚೀಲದಲ್ಲಿ ನೀಲಿ ಅಂಗಿ ಇಟ್ಟಳು. ಅದರ ಮೇಲೆ ರೆಕಾರ್ಡರ್ ಇಟ್ಟಳು.

ಗುರುಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ಅದು ಯಾಕೆ?”

“ಮಗಳ ದನಿ ಹಿಡಿದುಕೊಂಡು ಬರುತ್ತೇನೆ.”

“ಹಿಡಿದುಕೊಂಡು ಬರಲು ಹೋಗುತ್ತೀಯೋ, ಮಗಳ ಬಳಿಗೆ ಹೋಗುತ್ತೀಯೋ?”

ಗುರುಗಳು ಒಳಗೆ ಬಂದು, ಚೀಲದೊಳಗೆ ಕೈ ಹಾಕಿ ರೆಕಾರ್ಡರನ್ನು ಹೊರತೆಗೆದು, ತಮ್ಮ ತೋಳಿನಲ್ಲಿ ಇಟ್ಟುಕೊಂಡರು. ಮಗುವನ್ನು ಎತ್ತಿಕೊಂಡ ಹಾಗೆ.

“ಇದನ್ನು ನಾನು ನೋಡಿಕೊಳ್ಳುತ್ತೇನೆ. ಹೊರಡು.”

ದೋಣಿ ದಾಟಿ, ಬಸ್ಸು ಹಿಡಿದು, ರೈಲು ಹತ್ತಿ ಅವಳು ಉತ್ತರಕ್ಕೆ ಹೋದಳು.

ಲಾನ್ ದಿನವೂ ದೋಣಿಕಟ್ಟೆಗೆ ಹೋಗಿ ನೋಡಿ ಬರುತ್ತಿದ್ದಳು. “ಅಕ್ಕ ಮಗಳನ್ನು ಕರ್ಕೊಂಡು ಬರ್ತಾರಾ?” ಎಂದು ಕೇಳುತ್ತಿದ್ದಳು. ಗುರುಗಳು “ಪದ್ಯ ಓದು” ಎನ್ನುತ್ತಿದ್ದರು.

ಯಾರೂ ಎಣಿಸದಷ್ಟು ಬೇಗ ರೂಯಿನ್ ಹಿಂತಿರುಗಿದಳು. ಒಬ್ಬಳೇ ಬಂದಳು. ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು ಮೇಲೆ ಬಂದು ಗುರುಗಳ ಎದುರು ಕೂತಳು.

ಗುರುಗಳು ಚಹಾ ಬಗ್ಗಿಸಿ ಕೊಟ್ಟರು. ಅವಳು ಬಟ್ಟಲನ್ನು ಹಿಡಿದುಕೊಂಡಳು, ಕುಡಿಯಲಿಲ್ಲ.

“ಮಗಳನ್ನು ನೋಡಿದೆಯಾ?”

“ಒಂದು ಗಳಿಗೆ ನೋಡಿದೆ. ಕೂದಲು ಬಹಳ ಉದ್ದ ಬಿಟ್ಟಿದ್ದಾಳೆ. ನನ್ನನ್ನು ಕಂಡದ್ದೇ ಬಾಗಿಲು ಬಿಟ್ಟು ಮನೆಯೊಳಗೆ ಓಡಿಹೋದಳು.”

“ಆಮೇಲೆ?”

“ಅವಿತುಕೊಂಡಳು. ಅಜ್ಜಿ ಕರೆದರು, ಬೈದರು. ಬರಲಿಲ್ಲ. ನನ್ನನ್ನು ಹೊರಕೋಣೆಯಲ್ಲಿ ಕೂರಿಸಿದರು. ಚಹಾ ಕೊಟ್ಟರು. ಅವಳ ಶಾಲೆಯ ವಿಷಯ ಹೇಳಿದರು. ನಾನು ಕೇಳಿದೆ. ಒತ್ತಾಯ ಮಾಡಬಾರದು ಅನ್ನಿಸಿತು. ಹೊತ್ತು ಇಳಿಯುವವರೆಗೂ ಕೂತಿದ್ದೆ. ಆಮೇಲೆ ಅಂಗಿಯನ್ನು ಮೇಜಿನ ಮೇಲೆ ಇಟ್ಟು ಬಂದುಬಿಟ್ಟೆ.”

ಅವಳ ಕಣ್ಣೀರು ಚಹಾದ ಬಟ್ಟಲಿಗೇ ಬಿತ್ತು.

“ನಾನು ಅವಳಿಗೆ ಬೇಡ ಗುರುಗಳೇ. ಅದನ್ನು ನೋಡಿಕೊಂಡು ಬಂದ ಹಾಗಾಯಿತು.”

ಗುರುಗಳು ಅವಳ ಕೈಯಿಂದ ಬಟ್ಟಲನ್ನು ತೆಗೆದು ಕೆಳಗಿಟ್ಟರು.

“ಎಲ್ಲಿ ಅವಿತುಕೊಂಡಿದ್ದಳು?”

“ಕಿಟಕಿಯ ಪರದೆಯ ಹಿಂದೆ. ನಾನು ಕೂತಿದ್ದ ಕೋಣೆಯಲ್ಲೇ.”

“ನಿನಗೆ ಹೇಗೆ ಗೊತ್ತಾಯಿತು?”

“ಪರದೆಯ ಕೆಳಗೆ ಪಾದ ಕಾಣುತ್ತಿತ್ತು.” ರೂಯಿನ್ ಅಳುತ್ತಲೇ ಸಣ್ಣಗೆ ನಕ್ಕಳು. “ಆಗಾಗ ಬೆರಳು ಅಲ್ಲಾಡಿಸುತ್ತಿದ್ದಳು.”

ಗುರುಗಳು ಎದ್ದರು. ಮೆಲ್ಲಗೆ ಮೆಟ್ಟಿಲಿಳಿದು ಹೋದರು. ಬೆನ್ನು ಬಗ್ಗಿಸಿ, ಅವಳು ಆಗಷ್ಟೇ ಬಿಟ್ಟಿದ್ದ ಚಪ್ಪಲಿಗಳನ್ನು ತಮ್ಮ ಕೈಯಿಂದ ಎತ್ತಿ, ದೋಣಿಕಟ್ಟೆಯ ಕಡೆ ಮುಖ ಮಾಡಿ ಇಟ್ಟರು.

“ಗುರುಗಳೇ, ಇದೇನು ಮಾಡುತ್ತಿದ್ದೀರಿ!” ಎಂದು ಅವಳು ಗಾಬರಿಯಿಂದ ಎದ್ದು ನಿಂತಳು.

ಗುರುಗಳು ತಲೆಯೆತ್ತಿ ಅವಳನ್ನು ನೋಡಿದರು.

“ಪಾದ ಕಾಣುವ ಹಾಗೆ ಅವಿತುಕೊಂಡ ಮಗುವನ್ನು ಹುಡುಕದೆ ಬಂದುಬಿಟ್ಟೆಯಾ, ತಾಯೀ?”